ಫೈಲ್ ಸಿಸ್ಟಂ ಓದಲು-ಮಾತ್ರ ಸ್ಥಿತಿಗೆ ಬಂದಾಗ: ಜರ್ನಲ್ ದೋಷದ ಮೂಲ ಹುಡುಕುವುದು, ಆಮೇಲೆ ಫೈಲ್ ಸಿಸ್ಟಂ ಆರಿಸುವುದು

ಕೆಲಸದಲ್ಲಿರುವ ಲಿನಕ್ಸ್ ಸರ್ವರ್ ಒಂದರಲ್ಲಿ ಡೇಟಾಬೇಸ್ ಇದ್ದಕ್ಕಿದ್ದಂತೆ ಬರೆಯಲಾಗುತ್ತಿಲ್ಲ ಎಂದು ದೂರುತ್ತದೆ, ಲಾಗ್ ಫೈಲ್‌ಗಳು ಬೆಳೆಯುವುದು ನಿಲ್ಲುತ್ತದೆ, ಮೌಂಟ್ ಪಟ್ಟಿಯನ್ನು (ಬಳಕೆಗೆ ಜೋಡಿಸಿದ ಡಿಸ್ಕ್ ವಿಭಾಗಗಳ ಪಟ್ಟಿಯನ್ನು) ನೋಡಿದರೆ ಡೇಟಾ ವಿಭಾಗವು ಓದಲು-ಮಾತ್ರ ಸ್ಥಿತಿಗೆ ಬಂದಿರುತ್ತದೆ. ಇಂತಹ ಸಂದರ್ಭದಲ್ಲಿ ನಿರ್ವಾಹಕರ ನಡುವೆ ಮೊದಲು ಏಳುವ ಪ್ರಶ್ನೆ, ಈ ಫೈಲ್ ಸಿಸ್ಟಂ ನಂಬಿಕೆಗೆ ಅರ್ಹವೇ, ಬೇರೊಂದಕ್ಕೆ ಹೋಗುವುದು ಒಳ್ಳೆಯದೇ ಎಂಬುದು. ಆ ಪ್ರಶ್ನೆ ಸಹಜವಾದದ್ದೇ ಆದರೂ ಅದಕ್ಕೆ ಕಾಲ ಇನ್ನೂ ಬಂದಿರುವುದಿಲ್ಲ. ದೋಷವು ಫೈಲ್ ಸಿಸ್ಟಂನ ಕೆಳಗಿನ ಡಿಸ್ಕ್ ಮತ್ತು ಕಂಟ್ರೋಲರ್‌ನದೇ, ಫೈಲ್ ಸಿಸ್ಟಂನದೇ, ಅಥವಾ ಅದರ ಮೇಲೆ ಓಡುವ ತಂತ್ರಾಂಶದ್ದೇ ಎಂಬುದು ಖಚಿತವಾಗದೆ ಮಾಡುವ ಬದಲಾವಣೆಯು ಅದೇ ದೋಷವನ್ನು ಹೊಸ ಹೆಸರಿನಡಿ ಮತ್ತೆ ತಂದು ನಿಲ್ಲಿಸುತ್ತದೆ.

ಪತ್ತೆಕಾರ್ಯಕ್ಕೆ ಇಳಿಯುವ ಮುನ್ನ ಜರ್ನಲ್ ಏನನ್ನು ಕಾಯುತ್ತದೆ ಎಂಬುದು ಸ್ಪಷ್ಟವಾಗಿರಬೇಕು. ಒಂದು ಫೈಲ್ ಹುಟ್ಟುವಾಗ ಡೈರೆಕ್ಟರಿ, ಐನೋಡ್ (ಫೈಲ್‌ನ ವಿವರಗಳ ದಾಖಲೆ), ಖಾಲಿ ಬ್ಲಾಕ್‌ಗಳ ನಕ್ಷೆ ಹೀಗೆ ಹಲವು ಕಡೆ ಬದಲಾವಣೆ ಆಗಬೇಕಾಗುತ್ತದೆ. ಈ ಬದಲಾವಣೆಗಳನ್ನೆಲ್ಲ ಒಂದೇ ವ್ಯವಹಾರವೆಂದು ಮೊದಲು ಜರ್ನಲ್‌ನಲ್ಲಿ ಬರೆದು, ಅದು ಪೂರ್ಣವಾಯಿತೆಂಬ ಗುರುತನ್ನು ಕೊನೆಯಲ್ಲಿ ಹಾಕಿ, ಆ ಬಳಿಕವೇ ನಿಜವಾದ ಸ್ಥಳಗಳಿಗೆ ಬರೆಯಲಾಗುತ್ತದೆ. ನಡುವೆ ವಿದ್ಯುತ್ ಹೋದರೆ, ಮುಂದಿನ ಮೌಂಟ್ ವೇಳೆ ಗುರುತು ಇರುವ ವ್ಯವಹಾರಗಳನ್ನು ಪುನಃ ನಡೆಸಿ ಉಳಿದವನ್ನು ಕೈಬಿಡಲಾಗುತ್ತದೆ. ಇಎಕ್ಸ್‌ಟಿ4 ಮತ್ತು ಎಕ್ಸ್‌ಎಫ್‌ಎಸ್ ಎಂಬ ಲಿನಕ್ಸ್ ಫೈಲ್ ಸಿಸ್ಟಂಗಳೆರಡೂ ಸಾಮಾನ್ಯ ಬಳಕೆಯಲ್ಲಿ ಹೀಗೆ ಕಾಯುವುದು ಮೆಟಾಡೇಟಾವನ್ನು, ಅಂದರೆ ಫೈಲ್‌ಗಳ ಕುರಿತ ಇಂತಹ ವಿವರಗಳನ್ನು. ಫೈಲ್‌ನ ಒಳಗಿನ ಡೇಟಾ ಈ ರಕ್ಷಣೆಯ ಹೊರಗೆ ಉಳಿಯುತ್ತದೆ. "ಜರ್ನಲ್ ಇತ್ತು, ಆದರೂ ಡೇಟಾ ಹೋಯಿತು" ಎಂಬ ದೂರುಗಳಲ್ಲಿ ಬಹಳಷ್ಟು ಈ ಗಡಿಯನ್ನು ಗಮನಿಸದೆ ಬಂದವು.

ಮೊದಲ ಗಂಟೆಯಲ್ಲಿ ಮಾಡಬಾರದ್ದು

ಸರ್ವರ್ ಅನ್ನು ಒಮ್ಮೆಲೇ ರೀಬೂಟ್ ಮಾಡಬಾರದು. ಡೇಟಾ ವಿಭಾಗದ ಜೊತೆಗೆ ಸಿಸ್ಟಂ ಲಾಗ್‌ಗಳಿರುವ ವಿಭಾಗವೂ ಓದಲು-ಮಾತ್ರ ಆಗಿದ್ದರೆ, ದೋಷದ ಸಾಕ್ಷ್ಯ ಉಳಿದಿರುವುದು ಕರ್ನಲ್‌ನ (ಲಿನಕ್ಸ್‌ನ ತಿರುಳು ತಂತ್ರಾಂಶದ) ಸಂದೇಶ ಬಫರ್‌ನಲ್ಲಿ ಮಾತ್ರ. ರೀಬೂಟ್‌ನೊಂದಿಗೆ ಅದು ಅಳಿಸಿಹೋಗುತ್ತದೆ. ಆದ್ದರಿಂದ ಆ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ಆದೇಶದ ಪೂರ್ತಿ ಹೊರಹರಿವನ್ನು ಜಾಲದ ಮೂಲಕ ಬೇರೊಂದು ಯಂತ್ರಕ್ಕೆ ಕಳುಹಿಸಿಕೊಳ್ಳುವುದು ಮೊದಲ ಕೆಲಸ.

ಎರಡನೆಯದಾಗಿ, ಮೌಂಟ್ ಆಗಿರುವ ಫೈಲ್ ಸಿಸ್ಟಂ ಮೇಲೆ ದುರಸ್ತಿ ಸಾಧನವನ್ನು ಎಂದೂ ಓಡಿಸಬಾರದು. ಕರ್ನಲ್ ತನ್ನ ಸ್ಮರಣೆಯಲ್ಲಿ ಇಟ್ಟುಕೊಂಡ ಚಿತ್ರಣ ಮತ್ತು ದುರಸ್ತಿ ಸಾಧನ ಡಿಸ್ಕ್ ಮೇಲೆ ಮಾಡುವ ತಿದ್ದುಪಡಿ ಪರಸ್ಪರ ಅರಿಯದೆ ನಡೆಯುವುದರಿಂದ, ಚಿಕ್ಕ ಹಾನಿಯು ದೊಡ್ಡದಾಗುತ್ತದೆ.

ಮೂರನೆಯ ಎಚ್ಚರಿಕೆ ಅಷ್ಟಾಗಿ ತಿಳಿದಿಲ್ಲವಾದ್ದರಿಂದ ಒತ್ತಿ ಹೇಳುತ್ತೇನೆ. ಓದಲು-ಮಾತ್ರ ಎಂದು ಹೇಳಿ ಮೌಂಟ್ ಮಾಡಿದರೂ ಇಎಕ್ಸ್‌ಟಿ4 ಮತ್ತು ಎಕ್ಸ್‌ಎಫ್‌ಎಸ್ ಬಾಕಿ ಉಳಿದ ಜರ್ನಲ್ ಅನ್ನು ಪುನಃ ನಡೆಸುತ್ತವೆ, ಅಂದರೆ ಡಿಸ್ಕ್‌ಗೆ ಬರೆಯುತ್ತವೆ. ಡಿಸ್ಕ್ ಇರುವ ಸ್ಥಿತಿಯಲ್ಲೇ ಪರಿಶೀಲಿಸಬೇಕಾದರೆ ಇಎಕ್ಸ್‌ಟಿ4ಗೆ ನೋಲೋಡ್, ಎಕ್ಸ್‌ಎಫ್‌ಎಸ್‌ಗೆ ನೋರಿಕವರಿ ಎಂಬ ಆಯ್ಕೆಯನ್ನು ಓದಲು-ಮಾತ್ರ ಆಯ್ಕೆಯ ಜೊತೆಗೆ ಕೊಡಬೇಕು. ಇದಕ್ಕಿಂತಲೂ ಸುರಕ್ಷಿತವಾದುದು ಡಿಡಿರೆಸ್ಕ್ಯೂನಂತಹ ಸಾಧನದಿಂದ ಇಡೀ ಡಿಸ್ಕ್‌ನ ಪ್ರತಿಯನ್ನು ತೆಗೆದು, ಮುಂದಿನ ಪ್ರಯೋಗಗಳನ್ನೆಲ್ಲ ಆ ಪ್ರತಿಯ ಮೇಲೆ ನಡೆಸುವುದು.

ಸಂದೇಶಗಳನ್ನು ಮೇಲಿನಿಂದ ಓದುವುದು

ಕರ್ನಲ್ ಲಾಗ್‌ನಲ್ಲಿ ಕಣ್ಣಿಗೆ ಬೀಳುವುದು ಕೊನೆಯ ಸಾಲುಗಳು. ಇಎಕ್ಸ್‌ಟಿ4 ಆಗಿದ್ದರೆ "ಅಬಾರ್ಟಿಂಗ್ ಜರ್ನಲ್ ಆನ್ ಡಿವೈಸ್" ಎಂದು ಹೇಳಿ, ಸಾಧನದ ಹೆಸರಿನ ಪಕ್ಕದಲ್ಲಿ 8 ಎಂಬ ಅಂಕೆಯನ್ನು ತೋರಿಸುತ್ತದೆ. ಜರ್ನಲ್ ಅನ್ನು ಒಳಗೊಂಡ ಐನೋಡ್‌ನ ಸಂಖ್ಯೆ ಅದು. ಅದರ ಹಿಂದೆಯೇ ಓದಲು-ಮಾತ್ರ ಸ್ಥಿತಿಗೆ ಮರುಮೌಂಟ್ ಮಾಡಿದ ಸಂದೇಶ ಬರುತ್ತದೆ. ಎಕ್ಸ್‌ಎಫ್‌ಎಸ್ ಬೇರೆ ರೀತಿಯಲ್ಲಿ ವರ್ತಿಸುತ್ತದೆ. ಗಂಭೀರ ದೋಷ ಕಂಡಾಗ ಅದು ಇಡೀ ಫೈಲ್ ಸಿಸ್ಟಂ ಅನ್ನೇ ಮುಚ್ಚುತ್ತದೆ. ಆ ಬಳಿಕ ಓದಲು ಹೋದರೂ ಇನ್‌ಪುಟ್-ಔಟ್‌ಪುಟ್ ದೋಷವೇ ಸಿಗುತ್ತದೆ. ಈ ವರ್ತನೆಯನ್ನು ಕಂಡು ಎಕ್ಸ್‌ಎಫ್‌ಎಸ್ ಹೆಚ್ಚು ಹಾಳಾಗಿದೆ ಎಂದು ಭಾವಿಸುವುದು ತಪ್ಪು. ಹಾನಿ ಹರಡದಂತೆ ತಡೆಯುವ ಕ್ರಮ ಅದು. ಎಷ್ಟೋ ಸಲ ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿದಾಗ ಲಾಗ್ (ಎಕ್ಸ್‌ಎಫ್‌ಎಸ್‌ನಲ್ಲಿ ಜರ್ನಲ್‌ಗಿರುವ ಹೆಸರು) ಪುನಃ ನಡೆದು ಎಲ್ಲವೂ ಸರಿಯಾಗಿಯೇ ಇರುತ್ತದೆ.

ಈ ಕೊನೆಯ ಸಾಲುಗಳು ಪರಿಣಾಮವನ್ನು ಹೇಳುತ್ತವೆ, ಕಾರಣ ಇರುವುದು ಅವುಗಳಿಗಿಂತ ಮೇಲೆ. ಜರ್ನಲ್ ನಿಂತ ಕ್ಷಣದಿಂದ ಹಿಂದಕ್ಕೆ ಹೋಗುತ್ತಾ, ಅದೇ ಸಾಧನದ ಹೆಸರಿರುವ ಮೊದಲ ಅಸಹಜ ಸಂದೇಶವನ್ನು ಹುಡುಕಬೇಕು. ಅಲ್ಲಿ "ಬಫರ್ ಐ/ಓ ಎರರ್", ಸ್ಕಸಿ ಪದರದ (ಡಿಸ್ಕ್‌ನೊಂದಿಗೆ ವ್ಯವಹರಿಸುವ ಪದರದ) ಸೆನ್ಸ್ ಎಂಬ ದೋಷ ಸಂದೇಶಗಳು, ಲಿಂಕ್ ಮರುಹೊಂದಿಕೆ ಅಥವಾ ಸಮಯ ಮೀರಿದ ಆದೇಶಗಳು ಕಂಡರೆ ದೋಷ ಕೆಳಗಿನ ಪದರದ್ದು. ಫೈಲ್ ಸಿಸ್ಟಂ ಅದಕ್ಕೆ ಬಲಿಯಾಗಿದೆ. ಇವು ಯಾವುವೂ ಇಲ್ಲದೆ, ಅಳಿಸಿದ ಐನೋಡ್‌ಗೆ ಉಲ್ಲೇಖ ಸಿಕ್ಕಿದೆ, ಬ್ಲಾಕ್ ನಕ್ಷೆಯ ಲೆಕ್ಕ ತಾಳೆಯಾಗುತ್ತಿಲ್ಲ, ಮೆಟಾಡೇಟಾದ ಚೆಕ್‌ಸಮ್ (ಮಾಹಿತಿ ಕೆಟ್ಟಿಲ್ಲವೆಂದು ಪರೀಕ್ಷಿಸುವ ಮೊತ್ತ) ಹೊಂದುತ್ತಿಲ್ಲ ಎಂಬ ಸಂದೇಶದಿಂದಲೇ ಪ್ರಕರಣ ಆರಂಭವಾಗಿದ್ದರೆ, ಹಿಂದೆ ಎಂದೋ ಆದ ಹಾನಿ ಈಗ ಕಣ್ಣಿಗೆ ಬಿದ್ದಿದೆ ಎಂದರ್ಥ. ಅದು ಕರ್ನಲ್‌ನ ದೋಷವಿರಬಹುದು, ಸ್ಮರಣೆಯ ಚಿಪ್‌ನ ದೋಷವಿರಬಹುದು, ಅಥವಾ ಹಿಂದಿನ ಯಾವುದೋ ವಿದ್ಯುತ್ ಕಡಿತದಲ್ಲಿ ಡಿಸ್ಕ್‌ನ ಕ್ಯಾಶ್ (ತಾತ್ಕಾಲಿಕ ಸ್ಮರಣೆ) ನುಂಗಿದ ಬರಹವಿರಬಹುದು.

"ಹಿಂದೆ ಎಂದೋ" ಎಂಬುದನ್ನು ಇಎಕ್ಸ್‌ಟಿ4ನಲ್ಲಿ ಅಳೆಯಲು ಸಾಧ್ಯವಿದೆ. ಅದರ ಸೂಪರ್‌ಬ್ಲಾಕ್ (ಇಡೀ ಫೈಲ್ ಸಿಸ್ಟಂನ ವಿವರಗಳಿರುವ ಬ್ಲಾಕ್) ದೋಷಗಳ ಒಟ್ಟು ಸಂಖ್ಯೆ, ಮೊದಲ ದೋಷ ಮತ್ತು ಕೊನೆಯ ದೋಷ ಕಂಡ ಸಮಯ, ಯಾವ ಫಂಕ್ಷನ್‌ನಲ್ಲಿ ಕಂಡಿತು ಎಂಬುದನ್ನೆಲ್ಲ ದಾಖಲಿಸಿಕೊಳ್ಳುತ್ತದೆ. ಟ್ಯೂನ್2ಎಫ್‌ಎಸ್ ಸಾಧನವನ್ನು ಎಲ್ ಆಯ್ಕೆಯೊಂದಿಗೆ ಓಡಿಸಿದರೆ ಇವು ಕಾಣುತ್ತವೆ. ಮೊದಲ ದೋಷದ ದಿನಾಂಕ ಇಂದಿನದಾಗಿರದೆ ತಿಂಗಳುಗಳಷ್ಟು ಹಿಂದಿನದಾಗಿದ್ದರೆ, ಹುಡುಕಬೇಕಾದ ಲಾಗ್ ಆ ದಿನದ್ದು. ಇಂತಹ ಬಾಕಿ ದೋಷಗಳ ಸಾರಾಂಶವನ್ನು ಮೌಂಟ್ ಆದ 5 ನಿಮಿಷಗಳ ಬಳಿಕ ಒಮ್ಮೆ, ಆಮೇಲೆ 24 ಗಂಟೆಗೊಮ್ಮೆ ಕರ್ನಲ್ ತಾನಾಗಿಯೇ ಲಾಗ್‌ಗೆ ಬರೆಯುತ್ತದೆ. ಆ ಸಾಲನ್ನು ನಿಗಾ ವ್ಯವಸ್ಥೆಯು ಹಿಡಿಯುವಂತೆ ಮಾಡಿಟ್ಟರೆ, ಈ ಬಗೆಯ ಪ್ರಕರಣಗಳು ತುರ್ತು ಸ್ಥಿತಿಗೆ ಬರುವ ಮೊದಲೇ ತಿಳಿಯುತ್ತವೆ.

ಕೆಳಗಿನ ಪದರ

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ದಾಖಲಿಸುವ ಸ್ಮಾರ್ಟ್ ಮಾಹಿತಿಯಲ್ಲಿ ನಾಲ್ಕು ಗುಣಲಕ್ಷಣಗಳನ್ನು ಮೊದಲು ನೋಡಬೇಕು. 5ನೆಯದು ಬದಲಿ ಜಾಗಕ್ಕೆ ಕಳುಹಿಸಿದ ಸೆಕ್ಟರ್‌ಗಳ ಎಣಿಕೆ, 197 ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳದ್ದು, 198 ಡಿಸ್ಕ್ ತಾನೇ ನಡೆಸಿದ ಪರೀಕ್ಷೆಯಲ್ಲಿ ಸರಿಪಡಿಸಲಾಗದೆ ಉಳಿದವುಗಳದ್ದು. 199 ಮಾತ್ರ ಡಿಸ್ಕ್‌ನ ತಟ್ಟೆಗಳಿಗೆ ಸಂಬಂಧಿಸಿದ್ದಲ್ಲ. ಕೇಬಲ್ ಅಥವಾ ಕನೆಕ್ಟರ್‌ನಲ್ಲಿ ಸಾಗಣೆಯ ವೇಳೆ ಕೆಟ್ಟ ಮಾಹಿತಿಯ ಎಣಿಕೆ ಅದು. ಇದು ಏರುತ್ತಿದ್ದು ಉಳಿದವು ಸ್ಥಿರವಾಗಿದ್ದರೆ, ಡಿಸ್ಕ್ ಬದಲಿಸುವ ಮೊದಲು ಕೇಬಲ್ ಬದಲಿಸಬೇಕು.

ಹಂಚಿಕೆಯ ಸ್ಟೋರೇಜ್‌ನಲ್ಲಿ ಡಿಸ್ಕ್ ಆರೋಗ್ಯವಾಗಿದ್ದೂ ಜರ್ನಲ್ ನಿಲ್ಲುವ ಎರಡು ಸಂದರ್ಭಗಳಿವೆ. ಲಿನಕ್ಸ್‌ನಲ್ಲಿ ಸ್ಕಸಿ ಡಿಸ್ಕ್‌ನ ಆದೇಶಕ್ಕೆ ಪೂರ್ವನಿಯೋಜಿತ ಕಾಲಮಿತಿ 30 ಸೆಕೆಂಡುಗಳು. ಸ್ಟೋರೇಜ್‌ನ ಕಂಟ್ರೋಲರ್ ಬದಲಾಗುವ ಹೊತ್ತಿನಲ್ಲಿ ಇದಕ್ಕಿಂತ ಹೆಚ್ಚು ಕಾಲ ಹಿಡಿದರೆ, ಮಲ್ಟಿಪಾತ್ (ಒಂದೇ ಡಿಸ್ಕ್‌ಗೆ ಹಲವು ದಾರಿ) ಸಂರಚನೆಯು ಕಾಯಲು ಹೇಳದಿದ್ದರೆ, ಬರಹವು ವಿಫಲವೆಂದು ಫೈಲ್ ಸಿಸ್ಟಂಗೆ ತಿಳಿಸಲಾಗುತ್ತದೆ. ಇನ್ನೊಂದು, ಲಿನಕ್ಸ್‌ನ ವಿಭಾಗ ನಿರ್ವಾಹಕವಾದ ಎಲ್‌ವಿಎಂನ ಥಿನ್ ಪೂಲ್, ಅಂದರೆ ಬರೆದಾಗ ಮಾತ್ರ ಜಾಗ ಹಂಚುವ ಸಂಗ್ರಹ, ತುಂಬಿಹೋಗುವುದು. ಫೈಲ್ ಸಿಸ್ಟಂನ ಲೆಕ್ಕದಲ್ಲಿ ಜಾಗ ಇದ್ದೇ ಇರುತ್ತದೆ, ಆದರೆ ಅದರ ಕೆಳಗಿನ ಪೂಲ್‌ನಲ್ಲಿ ಬ್ಲಾಕ್ ಉಳಿದಿರುವುದಿಲ್ಲ. ಪೂರ್ವನಿಯೋಜಿತವಾಗಿ 60 ಸೆಕೆಂಡು ಕಾದ ಬಳಿಕ ಥಿನ್ ಪದರವು ದೋಷವನ್ನು ಹಿಂದಿರುಗಿಸುತ್ತದೆ. ಫೈಲ್ ಸಿಸ್ಟಂನ ಖಾಲಿ ಜಾಗ ತೋರಿಸುವ ಡಿಎಫ್ ಆದೇಶವನ್ನಷ್ಟೇ ನೋಡುವವರಿಗೆ ಇದು ಕಾಣುವುದೇ ಇಲ್ಲ. ಎಲ್‌ವಿಎಸ್ ಆದೇಶದಲ್ಲಿ ಪೂಲ್‌ನ ಡೇಟಾ ಮತ್ತು ಮೆಟಾಡೇಟಾ ಎರಡರ ಶೇಕಡಾವಾರನ್ನೂ ನೋಡಬೇಕು.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು, ಲಾಗ್‌ನಲ್ಲಿ ಯಾವ ಗುರುತನ್ನೂ ಬಿಡದ ಕ್ಯಾಶ್ ದೋಷ. ಜರ್ನಲ್‌ನ ಇಡೀ ಭದ್ರತೆ ನಿಂತಿರುವುದು ಬರಹಗಳ ಕ್ರಮದ ಮೇಲೆ: ವ್ಯವಹಾರದ ಬ್ಲಾಕ್‌ಗಳು ಶಾಶ್ವತ ಮಾಧ್ಯಮವನ್ನು ತಲುಪಿದ ಮೇಲೆಯೇ ಪೂರ್ಣತೆಯ ಗುರುತು ತಲುಪಬೇಕು. ಡಿಸ್ಕ್‌ಗಳು ವೇಗಕ್ಕಾಗಿ ಬರಹಗಳನ್ನು ತಮ್ಮ ಒಳಗಿನ, ವಿದ್ಯುತ್ ಹೋದರೆ ಅಳಿಯುವ ಕ್ಯಾಶ್‌ನಲ್ಲಿಟ್ಟುಕೊಂಡು ಕ್ರಮವನ್ನು ಬದಲಿಸುವುದರಿಂದ, ಅಗತ್ಯವಾದ ಹಂತಗಳಲ್ಲಿ ಕ್ಯಾಶ್ ಅನ್ನು ಬರಿದು ಮಾಡುವಂತೆ ಕರ್ನಲ್ ಆದೇಶ ಕೊಡುತ್ತದೆ. ಬ್ಯಾರಿಯರ್ ಎಂದು ಕರೆಯುವುದು ಇದನ್ನೇ. ಈ ಆದೇಶವನ್ನು ಪಾಲಿಸದೆಯೇ ಪಾಲಿಸಿದ್ದೇನೆ ಎಂದು ಉತ್ತರಿಸುವ ಡಿಸ್ಕ್, ಬ್ಯಾಟರಿ ಸತ್ತರೂ ರೈಟ್-ಬ್ಯಾಕ್ ಕ್ಯಾಶ್ ಅನ್ನು (ಕ್ಯಾಶ್‌ಗೆ ಬಂದ ಕೂಡಲೇ ಬರಹ ಮುಗಿಯಿತೆನ್ನುವ ವಿಧಾನವನ್ನು) ಮುಂದುವರಿಸುವ ರೇಡ್ (ಹಲವು ಡಿಸ್ಕ್‌ಗಳನ್ನು ಒಂದುಗೂಡಿಸುವ) ಕಂಟ್ರೋಲರ್, ಆದೇಶವನ್ನು ಕೆಳಕ್ಕೆ ದಾಟಿಸದಂತೆ ಸಂರಚಿಸಿದ ವರ್ಚುವಲ್ ಡಿಸ್ಕ್ ಇವುಗಳಲ್ಲಿ ಯಾವುದೊಂದು ನಡುವೆ ಇದ್ದರೂ, ವಿದ್ಯುತ್ ಹೋದಾಗ ಪೂರ್ಣತೆಯ ಗುರುತು ಉಳಿದು ವ್ಯವಹಾರದ ಬ್ಲಾಕ್‌ಗಳು ಕಾಣೆಯಾಗಬಹುದು. ಆಗ ಜರ್ನಲ್ ಪುನಃ ನಡೆಯುವ ಕ್ರಿಯೆಯೇ ಕಸವನ್ನು ಮೆಟಾಡೇಟಾದ ಮೇಲೆ ಬರೆಯುತ್ತದೆ. ಜರ್ನಲ್ ಬ್ಲಾಕ್‌ಗಳಿಗೆ ಚೆಕ್‌ಸಮ್ ಇದ್ದರೆ ಇದು ಪತ್ತೆಯಾಗಿ ನಿಲ್ಲುತ್ತದೆ, ಕಳೆದುಹೋದದ್ದು ಮಾತ್ರ ಮರಳುವುದಿಲ್ಲ.

ಆದ್ದರಿಂದ ಮೌಂಟ್ ಆಯ್ಕೆಗಳಲ್ಲಿ ಈ ಆದೇಶವನ್ನು ನಿಲ್ಲಿಸುವ ನೋಬ್ಯಾರಿಯರ್ ಇದೆಯೇ ಎಂದು ಪರೀಕ್ಷಿಸಬೇಕು. ವೇಗ ಹೆಚ್ಚಿಸುವ ಹಳೆಯ ಸಲಹೆಗಳಿಂದ ಅದು ಸಂರಚನೆಗೆ ಬಂದು ವರ್ಷಗಟ್ಟಲೆ ಉಳಿದಿರುವುದುಂಟು. ಎಕ್ಸ್‌ಎಫ್‌ಎಸ್ ಈ ಆಯ್ಕೆಯನ್ನು 4.19ನೇ ಕರ್ನಲ್‌ನಲ್ಲಿ ತೆಗೆದುಹಾಕಿತು, ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಇಎಕ್ಸ್‌ಟಿ4ನಲ್ಲಿ ಅದು ಇನ್ನೂ ಇದೆ. ಡಿಸ್ಕ್‌ನ ಕ್ಯಾಶ್ ಬಗ್ಗೆ ಕರ್ನಲ್ ಏನೆಂದು ತಿಳಿದಿದೆ ಎಂಬುದನ್ನು ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಮಾಹಿತಿಯನ್ನು ಫೈಲ್‌ಗಳಾಗಿ ತೋರಿಸುವ ಜಾಗದಲ್ಲಿ) ಆ ಸಾಧನದ ಕ್ಯೂ ಡೈರೆಕ್ಟರಿಯೊಳಗಿನ ರೈಟ್ ಕ್ಯಾಶ್ ಫೈಲ್ ಹೇಳುತ್ತದೆ. ಅಲ್ಲಿ ರೈಟ್-ಥ್ರೂ (ಬರಹ ಕ್ಯಾಶ್‌ನಲ್ಲಿ ನಿಲ್ಲದು) ಎಂದಿದ್ದರೆ ಕರ್ನಲ್ ಬರಿದು ಮಾಡುವ ಆದೇಶವನ್ನೇ ಕಳುಹಿಸುವುದಿಲ್ಲ. ಕಂಟ್ರೋಲರ್‌ನ ಕ್ಯಾಶ್‌ಗೆ ನಿಜವಾಗಿ ಬ್ಯಾಟರಿಯ ಬೆಂಬಲವಿದ್ದು, ಅದರ ಹಿಂದಿನ ಡಿಸ್ಕ್‌ಗಳ ಸ್ವಂತ ಕ್ಯಾಶ್ ನಿಷ್ಕ್ರಿಯವಾಗಿದ್ದರೆ ಮಾತ್ರ ಆ ಉತ್ತರ ಸುರಕ್ಷಿತ.

ದುರಸ್ತಿ

ಕೆಳಗಿನ ಪದರ ಸರಿಯಾಗದೆ ದುರಸ್ತಿಗೆ ಕೈ ಹಾಕಬಾರದು. ಸಾಯುತ್ತಿರುವ ಡಿಸ್ಕ್ ಮೇಲೆ ನಡೆಸುವ ದುರಸ್ತಿ ಅದರ ಕೊನೆಯ ಓದುಗಳನ್ನು ವ್ಯರ್ಥ ಮಾಡುತ್ತದೆ.

ಇಎಕ್ಸ್‌ಟಿ4ಗೆ ಇ2ಎಫ್‌ಎಸ್‌ಸಿಕೆ ಸಾಧನವನ್ನು ಮೊದಲು ಎನ್ ಆಯ್ಕೆಯೊಂದಿಗೆ, ಅಂದರೆ ಏನನ್ನೂ ಬರೆಯದಂತೆ, ಓಡಿಸುವುದು ರೂಢಿ. ಆದರೆ ಆ ಆಯ್ಕೆಯಲ್ಲಿ ಜರ್ನಲ್ ಪುನಃ ನಡೆಯುವುದಿಲ್ಲವಾದ್ದರಿಂದ, ಜರ್ನಲ್ ಬಾಕಿ ಇರುವಾಗ ಕಾಣುವ ದೋಷಗಳ ಉದ್ದನೆಯ ಪಟ್ಟಿಯಲ್ಲಿ ಹಲವು ನಿಜವಾದ ದೋಷಗಳಾಗಿರುವುದಿಲ್ಲ. ಪಟ್ಟಿಯನ್ನು ನೋಡಿ ಗಾಬರಿಯಾಗದೆ, ಡಿಸ್ಕ್‌ನ ಪ್ರತಿಯ ಮೇಲೆ ಪೂರ್ಣ ದುರಸ್ತಿ ನಡೆಸಿ ಫಲಿತಾಂಶವನ್ನು ಹೋಲಿಸಬೇಕು. ಸೂಪರ್‌ಬ್ಲಾಕ್ ಕೆಟ್ಟಿದ್ದರೆ, 4 ಕಿಲೋಬೈಟ್ ಬ್ಲಾಕ್‌ಗಳ ಫೈಲ್ ಸಿಸ್ಟಂನಲ್ಲಿ ಮೊದಲ ಮೀಸಲು ಪ್ರತಿಯು 32768ನೇ ಬ್ಲಾಕ್‌ನಲ್ಲಿರುತ್ತದೆ. ದುರಸ್ತಿಯ ಕೊನೆಯಲ್ಲಿ ಬರುವ ನಿರ್ಗಮನ ಸಂಕೇತವನ್ನೂ ದಾಖಲಿಸಿಕೊಳ್ಳಬೇಕು: 1 ಎಂದರೆ ದೋಷಗಳಿದ್ದು ಸರಿಯಾದವು, 4 ಎಂದರೆ ಸರಿಯಾಗದೆ ಉಳಿದಿವೆ.

ಎಕ್ಸ್‌ಎಫ್‌ಎಸ್‌ನಲ್ಲಿ ಲಾಗ್ ಬಾಕಿ ಇದ್ದರೆ ಎಕ್ಸ್‌ಎಫ್‌ಎಸ್-ರಿಪೇರ್ ಕೆಲಸ ಮಾಡಲು ಒಪ್ಪುವುದಿಲ್ಲ; ಒಮ್ಮೆ ಮೌಂಟ್ ಮಾಡಿ ಲಾಗ್ ಪುನಃ ನಡೆಯಲು ಬಿಡುವಂತೆ ಕೇಳುತ್ತದೆ. ಅದರಂತೆಯೇ ಮಾಡಬೇಕು. ಸಾಧನವು ಸೂಚಿಸುವ ಇನ್ನೊಂದು ದಾರಿ, ದೊಡ್ಡಕ್ಷರದ ಎಲ್ ಆಯ್ಕೆ, ಲಾಗ್ ಅನ್ನು ಅಳಿಸಿಬಿಡುತ್ತದೆ. ಲಾಗ್‌ನಲ್ಲಿ ಉಳಿದಿದ್ದ ಮೆಟಾಡೇಟಾ ಬದಲಾವಣೆಗಳು ಅಲ್ಲಿಗೆ ಮುಗಿದಂತೆ. ಹೊಸ ಫೈಲ್‌ಗಳು ಲಾಸ್ಟ್+ಫೌಂಡ್ ಡೈರೆಕ್ಟರಿಗೆ ಹೆಸರಿಲ್ಲದೆ ಬಂದು ಬೀಳಬಹುದು, ಬಾರದೆಯೂ ಇರಬಹುದು. ಮೌಂಟ್ ಆಗುವುದೇ ಇಲ್ಲ ಎಂದು ಖಚಿತವಾದ ಮೇಲೆ, ಎಕ್ಸ್‌ಎಫ್‌ಎಸ್-ಮೆಟಾಡಂಪ್‌ನಿಂದ ಮೆಟಾಡೇಟಾದ ಪ್ರತಿ ತೆಗೆದಿಟ್ಟ ಮೇಲೆ, ಬ್ಯಾಕಪ್ ಪರೀಕ್ಷಿಸಿದ ಮೇಲೆ ಮಾತ್ರ ಆ ಆಯ್ಕೆಗೆ ಹೋಗಬೇಕು.

ಫೈಲ್ ಸಿಸ್ಟಂ ಸ್ವಸ್ಥ, ಡೇಟಾ ಮಾತ್ರ ಇಲ್ಲ

ವಿದ್ಯುತ್ ಮರಳಿದ ಬಳಿಕ ಮೌಂಟ್ ಸರಿಯಾಗಿ ಆಗುತ್ತದೆ, ದುರಸ್ತಿ ಸಾಧನಕ್ಕೆ ಯಾವ ದೋಷವೂ ಸಿಗುವುದಿಲ್ಲ, ಆದರೆ ಸ್ವಲ್ಪ ಹೊತ್ತಿನ ಮುಂಚೆ ಉಳಿಸಿದ ಸಂರಚನಾ ಫೈಲ್ ಶೂನ್ಯ ಬೈಟ್ ಆಗಿರುತ್ತದೆ. ಇದು ಮೇಲಿನ ಪದರದ ದೋಷ. ಇಎಕ್ಸ್‌ಟಿ4 ಮತ್ತು ಎಕ್ಸ್‌ಎಫ್‌ಎಸ್ ಎರಡೂ ಬ್ಲಾಕ್‌ಗಳ ಹಂಚಿಕೆಯನ್ನು ಮುಂದೂಡುತ್ತವೆ. ಡೇಟಾವನ್ನು ಡಿಸ್ಕ್‌ಗೆ ಬರೆಸುವ ಎಫ್‌ಸಿಂಕ್ ಕರೆಯನ್ನು ತಂತ್ರಾಂಶವು ಮಾಡದಿದ್ದರೆ ಡೇಟಾ ಹಲವು ಸೆಕೆಂಡುಗಳ ಕಾಲ ಸ್ಮರಣೆಯಲ್ಲೇ ಇರುತ್ತದೆ. 2008ರ ಡಿಸೆಂಬರ್‌ನಲ್ಲಿ ಬಂದ 2.6.28ನೇ ಕರ್ನಲ್‌ನಲ್ಲಿ ಇಎಕ್ಸ್‌ಟಿ4 ಸ್ಥಿರವೆಂದು ಘೋಷಿತವಾದ ಬೆನ್ನಲ್ಲೇ ಈ ಶೂನ್ಯ ಫೈಲ್‌ಗಳ ವಿವಾದ ಎದ್ದಿತು, ಮತ್ತು ಫೈಲ್ ಅನ್ನು ಬದಲಿಸುವ ಸಾಮಾನ್ಯ ವಿಧಾನಗಳನ್ನು ಗುರುತಿಸಿ ಡೇಟಾವನ್ನು ಬೇಗ ಬರೆಯುವ ಏರ್ಪಾಡು ಇಎಕ್ಸ್‌ಟಿ4ಗೆ ಸೇರಿತು. ಆ ಏರ್ಪಾಡನ್ನು ನೆಚ್ಚಿಕೊಳ್ಳದೆ, ತಾತ್ಕಾಲಿಕ ಫೈಲ್‌ಗೆ ಬರೆದು, ಅದಕ್ಕೆ ಎಫ್‌ಸಿಂಕ್ ಮಾಡಿ, ಮರುಹೆಸರಿಸಿ, ಡೈರೆಕ್ಟರಿಗೂ ಎಫ್‌ಸಿಂಕ್ ಮಾಡುವುದು ತಂತ್ರಾಂಶದ ಹೊಣೆ.

ಎಫ್‌ಸಿಂಕ್ ಮಾಡಿದರೂ ಅದರ ಉತ್ತರವನ್ನು ಹೇಗೆ ಸ್ವೀಕರಿಸಲಾಗುತ್ತದೆ ಎಂಬುದು ಮುಖ್ಯ. ಎಫ್‌ಸಿಂಕ್ ಒಮ್ಮೆ ವಿಫಲವಾದರೆ ಲಿನಕ್ಸ್ ಸ್ಮರಣೆಯಲ್ಲಿರುವ ಆ ಡೇಟಾದ ಪುಟಗಳನ್ನು ಬರೆದು ಮುಗಿದವೆಂದು ಗುರುತಿಸಬಹುದು. ಮತ್ತೆ ಕರೆದಾಗ ಯಶಸ್ಸೆಂಬ ಉತ್ತರ ಬರುತ್ತದೆ, ಡೇಟಾ ಮಾತ್ರ ಡಿಸ್ಕ್‌ನಲ್ಲಿ ಇರುವುದಿಲ್ಲ. 2018ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಅಭಿವೃದ್ಧಿಕಾರರ ನಡುವೆ ಇದು ದೊಡ್ಡ ಚರ್ಚೆಯಾಗಿ, 2019ರ ಫೆಬ್ರುವರಿಯ ಬಿಡುಗಡೆಗಳಿಂದ ಆ ಡೇಟಾಬೇಸ್ ಎಫ್‌ಸಿಂಕ್ ವಿಫಲವಾದ ಕೂಡಲೇ ನಿಂತು, ತನ್ನದೇ ಲಾಗ್‌ನಿಂದ ಚೇತರಿಸಿಕೊಳ್ಳುವಂತೆ ಬದಲಾಯಿತು. ಅದಕ್ಕಿಂತ ಹಳೆಯ ಆವೃತ್ತಿ ಓಡುತ್ತಿರುವ ಸರ್ವರ್‌ನಲ್ಲಿ ಕಾಣೆಯಾದ ದಾಖಲೆಗಳಿಗೆ ಫೈಲ್ ಸಿಸ್ಟಂ ಅನ್ನು ದೂರುವುದು ಸರಿಯಲ್ಲ.

ಜಾಗ ಇದ್ದೂ "ಜಾಗವಿಲ್ಲ" ಎಂಬ ದೋಷ ಬಂದರೆ ಐನೋಡ್‌ಗಳು ಮುಗಿದಿವೆಯೇ ಎಂದು ಡಿಎಫ್‌ನ ಐ ಆಯ್ಕೆಯಿಂದ ನೋಡಿದರೆ ಸಾಕು.

ಯಾವುದನ್ನು ಆರಿಸುವುದು

ಮೇಲಿನ ಪತ್ತೆಕಾರ್ಯವು ಕೇಬಲ್, ಕ್ಯಾಶ್, ಥಿನ್ ಪೂಲ್ ಅಥವಾ ತಂತ್ರಾಂಶದಲ್ಲಿ ಕೊನೆಗೊಂಡರೆ, ಫೈಲ್ ಸಿಸ್ಟಂ ಬದಲಿಸುವ ಕಾರಣವೇ ಇಲ್ಲ. ಹೊಸ ಸರ್ವರ್‌ಗೆ ಅಥವಾ ಮರುಸ್ಥಾಪನೆಗೆ ಆಯ್ಕೆ ಮಾಡಬೇಕಾದರೆ ನನ್ನ ತೀರ್ಮಾನ ಹೀಗಿದೆ. ಮೂಲ ವಿಭಾಗಕ್ಕೆ, ಕೆಲವು ಟೆರಾಬೈಟ್‌ಗಳ ಒಳಗಿನ ಸಾಮಾನ್ಯ ಸರ್ವರ್‌ಗೆ, ಮುಂದೆ ಗಾತ್ರವನ್ನು ಕುಗ್ಗಿಸಬೇಕಾದೀತು ಎಂಬ ಸಂಶಯವಿರುವ ಕಡೆ ಇಎಕ್ಸ್‌ಟಿ4 ಒಳ್ಳೆಯದು. ಅದರ ದುರಸ್ತಿ ಸಾಧನ ದೀರ್ಘಕಾಲ ಪಳಗಿದ್ದು. ದೊಡ್ಡ ಗಾತ್ರ, ಏಕಕಾಲಕ್ಕೆ ಹಲವು ಎಳೆಗಳಿಂದ (ಥ್ರೆಡ್‌ಗಳಿಂದ) ಬರಹ, ಮುಂಚಿತವಾಗಿ ಎಣಿಸಲಾಗದಷ್ಟು ಫೈಲ್‌ಗಳು ಇರುವ ಕಡೆ ಎಕ್ಸ್‌ಎಫ್‌ಎಸ್ ಮೇಲು. ಇಎಕ್ಸ್‌ಟಿ4ನಲ್ಲಿ ಐನೋಡ್‌ಗಳ ಸಂಖ್ಯೆ ಫಾರ್ಮ್ಯಾಟ್ ಮಾಡುವಾಗಲೇ, ಸಾಮಾನ್ಯವಾಗಿ 16384 ಬೈಟ್‌ಗೊಂದರಂತೆ, ನಿಗದಿಯಾಗುತ್ತದೆ. ಎಕ್ಸ್‌ಎಫ್‌ಎಸ್ ಬೇಕಾದಂತೆ ಸೃಷ್ಟಿಸಿಕೊಳ್ಳುತ್ತದೆ. ಎಸ್‌ಜಿಐ ಸಂಸ್ಥೆಯಲ್ಲಿ 1993ರಲ್ಲಿ ಆರಂಭವಾದ ಈ ಫೈಲ್ ಸಿಸ್ಟಂ ಅನ್ನು ರೆಡ್ ಹ್ಯಾಟ್ 2014ರಲ್ಲಿ ತನ್ನ 7ನೇ ಎಂಟರ್‌ಪ್ರೈಸ್ ಆವೃತ್ತಿಯ ಪೂರ್ವನಿಯೋಜಿತ ಆಯ್ಕೆಯಾಗಿಸಿಕೊಂಡಿತು. ಅದನ್ನು ಹಿಗ್ಗಿಸುವುದು ಸುಲಭ, ಕುಗ್ಗಿಸಬೇಕಾದರೆ ಮಾತ್ರ ಡೇಟಾವನ್ನು ಬೇರೆಡೆಗೆ ಸಾಗಿಸಿ ಮತ್ತೆ ಫಾರ್ಮ್ಯಾಟ್ ಮಾಡುವುದೇ ದಾರಿ.

ನಿರ್ವಹಣೆ ನಿಂತ ಫೈಲ್ ಸಿಸ್ಟಂ ಎಷ್ಟೇ ವೇಗದ್ದಾದರೂ ಉತ್ಪಾದನಾ ಸರ್ವರ್‌ಗೆ ಬೇಡ. ಒಂದು ಕಾಲಕ್ಕೆ ಜನಪ್ರಿಯವಾಗಿದ್ದ ರೈಸರ್‌ಎಫ್‌ಎಸ್ ಅನ್ನು 6.13ನೇ ಕರ್ನಲ್‌ನಿಂದ ತೆಗೆದುಹಾಕಲಾಗಿದೆ. ಅದರ ಮೇಲೆ ಇನ್ನೂ ಡೇಟಾ ಇಟ್ಟವರು ಹಳೆಯ ಕರ್ನಲ್ ಓಡುತ್ತಿರುವಾಗಲೇ ಸಾಗಿಸಿಕೊಳ್ಳಬೇಕು. ಡಿಸ್ಕ್ ಸದ್ದಿಲ್ಲದೆ ತಪ್ಪು ಡೇಟಾ ಕೊಡುವುದರ ವಿರುದ್ಧ ರಕ್ಷಣೆ ಬೇಕಿದ್ದರೆ ಇಎಕ್ಸ್‌ಟಿ4 ಮತ್ತು ಎಕ್ಸ್‌ಎಫ್‌ಎಸ್ ಎರಡೂ ಸಾಲವು: ಅವುಗಳ ಚೆಕ್‌ಸಮ್ ಮೆಟಾಡೇಟಾಕ್ಕೆ ಮೀಸಲು. ಡೇಟಾಕ್ಕೂ ಚೆಕ್‌ಸಮ್ ಇಡುವ ಝಡ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್ ಆ ಅಗತ್ಯಕ್ಕೆ ಸಲ್ಲುತ್ತವೆ, ಅವು ಜರ್ನಲ್ ಬದಲು ಹೊಸ ಜಾಗದಲ್ಲಿ ಬರೆಯುವ ಬೇರೆಯದೇ ವಿಧಾನದವು.

ಇಎಕ್ಸ್‌ಟಿ4 ಆರಿಸಿದರೆ ಎರಡು ಸಂರಚನೆಗಳನ್ನು ಗಮನಿಸಬೇಕು. ದೋಷ ಕಂಡಾಗಿನ ವರ್ತನೆ ಫಾರ್ಮ್ಯಾಟ್ ವೇಳೆ ಬೇರೆ ಹೇಳದಿದ್ದರೆ "ಮುಂದುವರಿ" ಎಂದಿರುತ್ತದೆ. ಅದನ್ನು ಓದಲು-ಮಾತ್ರ ಸ್ಥಿತಿಗೆ ಬದಲಿಸಬೇಕು, ಇನ್ನೊಂದು ಯಂತ್ರ ಕೆಲಸವನ್ನು ವಹಿಸಿಕೊಳ್ಳುವ ಕ್ಲಸ್ಟರ್‌ನಲ್ಲಿ ಪ್ಯಾನಿಕ್ (ಕರ್ನಲ್ ತಾನೇ ನಿಂತುಬಿಡುವುದು) ಕೂಡ ಯೋಗ್ಯ. ಡೇಟಾ ವಿಧಾನ ಆರ್ಡರ್ಡ್ ಆಗಿಯೇ ಇರಲಿ: ಹೊಸ ಬ್ಲಾಕ್‌ಗಳ ಡೇಟಾ ಡಿಸ್ಕ್ ತಲುಪಿದ ಬಳಿಕವೇ ಅವುಗಳ ಮೆಟಾಡೇಟಾ ದಾಖಲಾಗುತ್ತದೆ. ಈ ಕ್ರಮವನ್ನು ಪಾಲಿಸದ ರೈಟ್‌ಬ್ಯಾಕ್ ಡೇಟಾ ವಿಧಾನದಲ್ಲಿ ಕುಸಿತದ ಬಳಿಕ ಫೈಲ್‌ನೊಳಗೆ ಹಳೆಯ, ಬೇರೊಬ್ಬರ ಡೇಟಾ ಕಾಣಿಸಿಕೊಳ್ಳಬಹುದು, ಹಲವರು ಹಂಚಿಕೊಂಡ ಸರ್ವರ್‌ನಲ್ಲಿ ಅದು ಗೋಪ್ಯತೆಯ ಪ್ರಶ್ನೆಯೂ ಹೌದು.

ಆಯ್ಕೆ ಯಾವುದೇ ಇರಲಿ, ಸರ್ವರ್ ಕೆಲಸಕ್ಕೆ ಇಳಿಯುವ ಮೊದಲು ವಿದ್ಯುತ್ ಕಡಿತದ ಪರೀಕ್ಷೆ ನಡೆಸಬೇಕು. ಸರ್ವರ್ ಪ್ರತಿ ದಾಖಲೆಯನ್ನು ಬರೆದು ಎಫ್‌ಸಿಂಕ್ ಯಶಸ್ವಿಯಾದ ಮೇಲೆ ಅದರ ಕ್ರಮಸಂಖ್ಯೆಯನ್ನು ಜಾಲದ ಮೂಲಕ ಇನ್ನೊಂದು ಯಂತ್ರಕ್ಕೆ ಕಳುಹಿಸಲಿ. ನಡುವೆ ವಿದ್ಯುತ್ ತಂತಿಯನ್ನೇ ಕೀಳಬೇಕು. ರೀಸೆಟ್ ಗುಂಡಿ ಒತ್ತುವುದರಿಂದಾಗಲಿ ವರ್ಚುವಲ್ ಯಂತ್ರವನ್ನು ಕೊಲ್ಲುವುದರಿಂದಾಗಲಿ ಡಿಸ್ಕ್‌ಗೆ ವಿದ್ಯುತ್ ತಪ್ಪುವುದಿಲ್ಲ, ಕ್ಯಾಶ್ ಪರೀಕ್ಷೆಗೆ ಒಳಗಾಗುವುದೂ ಇಲ್ಲ. ಮರಳಿ ಚಾಲೂ ಮಾಡಿದಾಗ, ಇನ್ನೊಂದು ಯಂತ್ರದಲ್ಲಿ ದೃಢಪಟ್ಟ ಕ್ರಮಸಂಖ್ಯೆಗಳೆಲ್ಲ ಡಿಸ್ಕ್‌ನಲ್ಲಿರಬೇಕು. ಒಂದಾದರೂ ಕಾಣೆಯಾಗಿದ್ದರೆ ಡಿಸ್ಕ್‌ನ ರೈಟ್ ಕ್ಯಾಶ್ ಅನ್ನು ನಿಷ್ಕ್ರಿಯಗೊಳಿಸಿ ಅದೇ ಪರೀಕ್ಷೆಯನ್ನು ಪುನಃ ನಡೆಸಬೇಕು. ಆಗ ಎಲ್ಲವೂ ಉಳಿದರೆ ಆ ಡಿಸ್ಕ್ ಅಥವಾ ಕಂಟ್ರೋಲರ್ ಬರಿದು ಮಾಡುವ ಆದೇಶವನ್ನು ಪಾಲಿಸುತ್ತಿಲ್ಲ ಎಂದಾಗುತ್ತದೆ, ಮತ್ತು ಅದನ್ನು ಬದಲಿಸುವವರೆಗೆ ಕ್ಯಾಶ್ ಅನ್ನು ನಿಷ್ಕ್ರಿಯವಾಗಿಯೇ ಇಡಬೇಕು.